ದೆಹಲಿಯ ಹೊಗೆಗೆ ಕೂಳೆ ಒಂದೇ ಕಾರಣವಲ್ಲ: ಪಿಎಂ 2.5 ಎಲ್ಲಿಂದ ಬರುತ್ತದೆ?

ನವೆಂಬರ್ ಬಂತೆಂದರೆ ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ, 400 ದಾಟಿದ ಸುದ್ದಿ ಬರುತ್ತದೆ. ಜತೆಗೆ ಪಂಜಾಬ್‌ನ ಗದ್ದೆಗಳಲ್ಲಿ ಉರಿಯುವ ಕೂಳೆಯ ಚಿತ್ರವೂ ಇರುತ್ತದೆ. ಡಿಸೆಂಬರ್ ಹೊತ್ತಿಗೆ ಗದ್ದೆಯ ಬೆಂಕಿ ಆರಿರುತ್ತದೆ. ಆದರೆ ದೆಹಲಿಯ ಗಾಳಿ ಜನವರಿಯಲ್ಲೂ ಎಷ್ಟೋ ದಿನ ‘ಅತ್ಯಂತ ಕಳಪೆ’ ಮಟ್ಟದಲ್ಲೇ ಇರುತ್ತದೆ. ಹಾಗಾದರೆ ಉಳಿದ ಕಣಗಳು ಎಲ್ಲಿಯವು?

ಗಾಳಿಯಲ್ಲಿ ತೇಲುವ, 10 ಮೈಕ್ರಾನ್‌ವರೆಗಿನ ಕಣಗಳಿಗೆ ಪಿಎಂ 10 ಎನ್ನುತ್ತಾರೆ. 2.5 ಮೈಕ್ರಾನ್‌ವರೆಗಿನವು ಪಿಎಂ 2.5. ರಸ್ತೆ ಧೂಳು, ಸಿಮೆಂಟ್ ಪುಡಿಯಲ್ಲಿ ದಪ್ಪ ಕಣಗಳೇ ಹೆಚ್ಚು. ಅವುಗಳಲ್ಲಿ ಒಂದಷ್ಟನ್ನು ಮೂಗು, ಗಂಟಲು ತಡೆಯುತ್ತವೆ. ಉರಿಯಿಂದ ಹುಟ್ಟುವ ಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್‌ಗೆ ಅದರ ನಂಟು ಸಾಬೀತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಮಿತಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ. ಭಾರತದ ಮಿತಿ 40. ‘ಗಾಳಿ ಮಿತಿಯೊಳಗಿದೆ’ ಎಂದು ಅಧಿಕಾರಿಗಳು ಹೇಳಿದಾಗ ಯಾವ ಮಿತಿ ಎಂದು ಕೇಳುವುದು ಒಳ್ಳೆಯದು.

ಒಂದೇ ನಗರ, ಎರಡು ಲೆಕ್ಕ

ಐಐಟಿ ಕಾನ್ಪುರ 2016ರಲ್ಲಿ ದೆಹಲಿ ಸರ್ಕಾರಕ್ಕೆ ಕೊಟ್ಟ ವರದಿಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ನಗರದೊಳಗೆ ಯಾವ ಮೂಲ ಎಷ್ಟು ಪಿಎಂ 2.5 ಹೊರಸೂಸುತ್ತದೆ ಎಂಬ ಅದರ ಪಟ್ಟಿಯಲ್ಲಿ ರಸ್ತೆ ಧೂಳಿಗೆ ಶೇ 38, ವಾಹನಗಳಿಗೆ ಶೇ 20, ಮನೆಯ ಒಲೆಗಳಿಗೆ ಶೇ 12, ಕೈಗಾರಿಕೆಗೆ ಶೇ 11ರಷ್ಟು ಪಾಲು. ಆದರೆ ಚಳಿಗಾಲದಲ್ಲಿ ಫಿಲ್ಟರ್ ಮೇಲೆ ಹಿಡಿದ ಕಣಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ ಅದೇ ವರದಿಯಲ್ಲಿ ಬೇರೆ ಚಿತ್ರ ಕಂಡಿತು: ಧೂಳಿನ ಪಾಲು ತೀರಾ ಕುಸಿದಿತ್ತು, ವಾಹನಗಳದ್ದು ಸುಮಾರು ಕಾಲು ಭಾಗಕ್ಕೇರಿತ್ತು, ಸೌದೆ-ಕೂಳೆಯಂಥ ಜೀವರಾಶಿ ಸುಡುವ ಹೊಗೆಯೂ ಅಷ್ಟೇ ಇತ್ತು. ಟಿವಿ ಚರ್ಚೆಗಳಲ್ಲಿ ಒಬ್ಬರು ಧೂಳು ಎನ್ನುತ್ತಾರೆ, ಇನ್ನೊಬ್ಬರು ಕಾರು ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಒಂದೇ ವರದಿ ಇರಬಹುದು.

ಆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಯಾವ ಕೊಳವೆಯಿಂದಲೂ ನೇರವಾಗಿ ಹೊರಬಂದದ್ದಲ್ಲ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡ್, ವಾಹನಗಳ ನೈಟ್ರೋಜನ್ ಆಕ್ಸೈಡ್, ಯೂರಿಯಾ ಗೊಬ್ಬರ ಮತ್ತು ಸಗಣಿ-ಗಂಜಲದಿಂದ ಏಳುವ ಅಮೋನಿಯಾ ಇವೆಲ್ಲ ಅನಿಲಗಳು. ಇವು ಗಾಳಿಯಲ್ಲಿ ಸೇರಿ ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್ ಎಂಬ ಸೂಕ್ಷ್ಮ ಕಣಗಳಾಗುತ್ತವೆ. ರಸ್ತೆಗೆ ನೀರು ಚಿಮುಕಿಸಿದರೆ ಇವು ತಗ್ಗುವುದಿಲ್ಲ. ಮೂಲವೂ ನೂರಾರು ಕಿಲೋಮೀಟರ್ ದೂರದಲ್ಲಿರಬಹುದು. ಚಳಿಗಾಲದ ದೆಹಲಿಯ ಪಿಎಂ 2.5ರಲ್ಲಿ ನಗರದ ಸ್ವಂತ ಪಾಲು ಶೇ 36 ಮಾತ್ರ ಎಂದು ಟೆರಿ ಮತ್ತು ಎಆರ್‌ಎಐ ಸಂಸ್ಥೆಗಳ 2018ರ ಅಧ್ಯಯನ ಹೇಳಿತ್ತು.

ಸಲ್ಫರ್ ತಡೆಯುವ ಯಂತ್ರಗಳನ್ನು ವಿದ್ಯುತ್ ಸ್ಥಾವರಗಳು ಅಳವಡಿಸಬೇಕೆಂಬ ನಿಯಮ ಬಂದದ್ದು 2015ರಲ್ಲಿ. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಕೇಂದ್ರ ಸರ್ಕಾರ ವಿನಾಯಿತಿಯನ್ನೇ ನೀಡಿತು.

ಇನ್ನು ಕೂಳೆಯ ವಿಷಯ. ಅಂತರ್ಜಲ ಉಳಿಸಲು ಪಂಜಾಬ್ ಮತ್ತು ಹರಿಯಾಣ 2009ರಲ್ಲಿ ಭತ್ತದ ನಾಟಿಯನ್ನು ಜೂನ್‌ಗೆ ಮುಂದೂಡುವ ಕಾನೂನು ತಂದವು. ಅದರಿಂದ ಕೊಯ್ಲೂ ಮುಂದಕ್ಕೆ ಹೋಯಿತು, ಗೋಧಿ ಬಿತ್ತನೆಗೆ ಮುನ್ನ ರೈತರಿಗೆ ಸಿಗುವುದು ಎರಡು-ಮೂರು ವಾರ ಮಾತ್ರ. ಗದ್ದೆ ಖಾಲಿ ಮಾಡಲು ಬೆಂಕಿಗಿಂತ ಅಗ್ಗದ ದಾರಿ ಇಲ್ಲ. ಆ ವಾರಗಳ ಕೆಲವು ದಿನ ದೆಹಲಿಯ ಪಿಎಂ 2.5ರಲ್ಲಿ ಕೂಳೆಯ ಪಾಲು ಮೂರನೇ ಒಂದು ಭಾಗ ಮೀರಿದ್ದೂ ಇದೆ. ವರ್ಷಪೂರ್ತಿ ಲೆಕ್ಕದಲ್ಲಿ ಅದು ಸಣ್ಣದು.

ಚಳಿಗಾಲವೇ ಏಕೆ?

ರಾತ್ರಿ ನೆಲ ಬೇಗ ತಣ್ಣಗಾದಾಗ ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಅದು ಪಾತ್ರೆಯ ಮುಚ್ಚಳದ ಹಾಗೆ. ಹೊಗೆ ಮೇಲೇರಲು ಜಾಗವಿಲ್ಲ. ದೆಹಲಿಗೆ ಕಡಲೂ ಇಲ್ಲ. ಮುಂಬೈ ಈವರೆಗೆ ಬಚಾವಾಗಿದ್ದು ಕಡಲಗಾಳಿಯಿಂದ. ಅದು ದುರ್ಬಲವಾದ ದಿನಗಳಲ್ಲಿ ಅಲ್ಲಿನ ನಿರ್ಮಾಣ ಕಾಮಗಾರಿಗಳ ಧೂಳು ಕಣ್ಣಿಗೇ ಕಾಣುತ್ತದೆ. 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಕಟ್ಟಡ ನಿವೇಶನಗಳಿಗೆ ತಗಡಿನ ಗೋಡೆ, ನೀರು ಸಿಂಪಡಣೆ ಕಡ್ಡಾಯ ಮಾಡಿದ್ದು ಅದಕ್ಕೇ. ಚೆನ್ನೈಯಲ್ಲಿ ಭೋಗಿ ಹಬ್ಬದ ಬೆಳಗ್ಗೆ ಹಳೆ ಚಾಪೆ, ಟಯರ್ ಸುಟ್ಟ ಹೊಗೆ ಮಂಜಿನೊಂದಿಗೆ ಬೆರೆತು 2018ರಲ್ಲಿ ವಿಮಾನ ಸಂಚಾರವೇ ಅಸ್ತವ್ಯಸ್ತಗೊಂಡಿತ್ತು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ವ್ಯಾಪ್ತಿಗೆ ಸುಮಾರು 130 ನಗರಗಳು ಬಂದಿವೆ. ಅದರ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳು ತಡೆಯಲು ಖರ್ಚಾಗಿದೆ, ಕೈಗಾರಿಕೆಗೆ ಸಿಕ್ಕಿದ್ದು ಶೇ 1ಕ್ಕಿಂತ ಕಡಿಮೆ ಎಂದು ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ನಗರಗಳ ಪ್ರಗತಿಯನ್ನು ಅಳೆಯುವುದೂ ಪಿಎಂ 10 ಆಧಾರದಲ್ಲೇ.