ಪಲಸಿಗೆನಾಡು

ಖಾನಾಪುರ ತಾಲೂಕು ಬೆಳಗಾವಿ ಜಿಲ್ಲೆಯ ದಕ್ಷಿಣದಲ್ಲಿ ಸಹ್ಯಾದ್ರಿಯ ಬೆನ್ನಮೇಲೆ ಹರಡಿಕೊಂಡಿರುವದು. ಅದರ ಹೆಸರೆತ್ತಿದರೆ ಕಾಡು, ಮಳೆ, ಕುಂಬಾರಿಕೆಯ ಮಣ್ಣು, ಲೋಂಡೆಯ ರೈಲು ನಿಲ್ದಾಣ—ಇಷ್ಟೇ ಜನರ ನೆನಪಿಗೆ ಬರುವವು. ಆದರೆ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾದ ಪಲಾಶಿಕೆಯೂ, ಗೋವೆಯ ಕದಂಬರ ಪಲಸಿಗೆ ಹನ್ನೆರಡುಸಾವಿರಕ್ಕೆ ಹೆಸರು ಕೊಟ್ಟ ಸ್ಥಳವೂ ಈ ತಾಲೂಕಿನ ಹಲಸಿ ಎಂಬ ಹಳ್ಳಿಯೇ ಆಗಿದೆ. ಇಂಥ ಗಿರಿಪ್ರದೇಶದಲ್ಲಿ ರಾಜಧಾನಿಯು ಏಕೆ ಹುಟ್ಟಿತು, ಹುಟ್ಟಿದ್ದು ಏಕೆ ಹಳ್ಳಿಯಾಯಿತು ಎಂಬದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವದು.

ಮೊದಲು ನೆಲದ ಮಾತು. ಈ ತಾಲೂಕು ನೀರನ್ನು ಹಂಚುವ ನಾಡು. ಪಶ್ಚಿಮದ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರು ಎತ್ತರದಲ್ಲಿ, ಮಲಪ್ರಭೆಯು ಹುಟ್ಟಿ ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಅದೇ ಗುಡ್ಡಸಾಲಿನಲ್ಲಿ ಭೀಮಗಡದ ಸುತ್ತಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿಯು ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯೆಂಬ ಹೆಸರು ತಾಳಿ ಅರಬ್ಬಿ ಸಮುದ್ರವನ್ನು ಕೂಡುವದು. ದಕ್ಷಿಣದ ಹಳ್ಳಗಳು ಕಾಳಿಯ ಪಾಲು. ಪಶ್ಚಿಮದಲ್ಲಿ ಮಳೆಗಾಲವೆಂದರೆ ಮನೆಬಿಟ್ಟು ಹೊರಡಲಾಗದ ಕಾಲ. ಪೂರ್ವದ ಬೀಡಿ, ಕಕ್ಕೇರಿ, ಇಟಗಿಗಳ ಕಡೆಗೆ ಸಾಗಿದಂತೆ ಕಾಡು ತೆಳುವಾಗಿ ಬಯಲು ತೆರೆಯುವದು. ಹಲಸಿಯು ಕಾಡು ಮುಗಿದು ಬಯಲು ಮೊದಲಾಗುವ ಈ ಸಂಧಿಯಲ್ಲಿದೆ. ಘಟ್ಟವೇರಿ ಬಂದ ಸರಕೂ ಬಯಲಿನಿಂದ ಸಾಗಿದ ಧಾನ್ಯವೂ ಇಂಥ ಸ್ಥಳದಲ್ಲಿಯೇ ಕೈಬದಲಾಗಬೇಕು.

ಹೆಸರಿನ ವಿಷಯವಾಗಿ ಒಂದು ಮಾತು. ಸಂಸ್ಕೃತ ಶಾಸನಗಳಲ್ಲಿ ಪಲಾಶಿಕಾ, ಕನ್ನಡ ಶಾಸನಗಳಲ್ಲಿ ಪಲಸಿಗೆ, ಮುಂದೆ ಹಲಸಿಗೆ, ಈಗ ಹಲಸಿ. ಪಕಾರವು ಹಕಾರವಾದದ್ದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಪಲಾಶವೆಂದರೆ ಮುತ್ತುಗವಾದ್ದರಿಂದ ಇದು ಮುತ್ತುಗದ ಊರೆಂದು ಹೇಳುವದುಂಟು. ಆದರೆ ಹಲಸಿನ ಮರಕ್ಕೆ ಹಳಗನ್ನಡದಲ್ಲಿ ಪಲಸು ಎಂಬ ರೂಪವೇ ಇದ್ದು, ಆ ಮರವು ಘಟ್ಟದ ಸೆರಗಿನಲ್ಲಿ ಸಹಜವಾದದ್ದೆಂಬದನ್ನು ನೆನೆದರೆ, ದೇಶೀನಾಮವೇ ಮೊದಲಿನದಾಗಿ, ಶಾಸನಕವಿಯು ಅದಕ್ಕೆ ಸಂಸ್ಕೃತದ ಉಡುಗೆ ತೊಡಿಸಿರಬೇಕೆಂದು ನನಗೆ ತೋರುವದು. ನಮ್ಮ ಪಂಡಿತಮಂಡಲಿಗೆ ಈ ಚಪಲವು ಇಂದಿಗೂ ಬಿಟ್ಟಿಲ್ಲ!

ಹಲಸಿಯ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿಯ ದಿಬ್ಬದಲ್ಲಿ ಏಳು ತಾಮ್ರಶಾಸನಗಳು ದೊರೆತವು, ಡಾ. ಫ್ಲೀಟರು ಅವನ್ನು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮೊದಲಿನದು ಕಾಕುಸ್ಥವರ್ಮನು ಯುವರಾಜನಾಗಿದ್ದಾಗ ಎಂಬತ್ತನೆಯ ವರ್ಷದಲ್ಲಿ ಶ್ರುತಕೀರ್ತಿಯೆಂಬ ಸೇನಾಪತಿಗೆ ಖೇಟಗ್ರಾಮದ ಹೊಲವೊಂದನ್ನು ಕೊಟ್ಟದ್ದು. ದಾನಕ್ಕೆ ಕಾರಣವು ತನ್ನ ‘ತಾರಣ’ವೆಂದು ಹೇಳಿದೆ. ಸೇನಾಪತಿಯು ರಾಜಪುತ್ರನ ಪ್ರಾಣವುಳಿಸಿದ್ದಕ್ಕೆ ಇದು ಬಹುಮಾನವೆಂದು ಫ್ಲೀಟರು ಅರ್ಥಮಾಡಿದರು. ಈ ಒಂದು ಶಬ್ದವನ್ನು ನೆಚ್ಚಿ ಈ ಕಾಡಿನಲ್ಲೊಂದು ಯುದ್ಧವನ್ನು ಕಲ್ಪಿಸುವದು ಸುಲಭ. ಆದರೆ ದಾನವಾಕ್ಯಗಳ ಪರಿಪಾಟಿಯನ್ನು ಬಲ್ಲವರು ತಾರಣವನ್ನು ಭವಸಾಗರದ ದಾಟುವಿಕೆಯೆಂದೇ ಮೊದಲು ತಿಳಿಯುವರು. ಮುಂದೆ ರವಿವರ್ಮನ ಶಾಸನವು ಇದೇ ದತ್ತಿಯನ್ನು ನೆನೆಯುವಾಗ ಕಾಕುಸ್ಥನ ಪ್ರಸಾದವನ್ನು ಹೇಳುವದೇ ಹೊರತು ಯಾವ ಪ್ರಾಣರಕ್ಷಣೆಯನ್ನೂ ಹೇಳುವದಿಲ್ಲ. ಕಾರಣ, ಆ ಯುದ್ಧವನ್ನು ಇತಿಹಾಸದಲ್ಲಿ ಸೇರಿಸದಿರುವದೇ ಲೇಸು.

ಇದಕ್ಕಿಂತ ಹೆಚ್ಚಿನ ಸಂಗತಿಗಳು ಶಾಸನಗಳ ಭೂವಿವರಗಳಲ್ಲಿವೆ. ಮೃಗೇಶವರ್ಮನು ತನ್ನ ತಂದೆಯ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು. ಆ ಭೂಮಿಯ ಎಲ್ಲೆ ಮಾತೃಸರಿತ್ ಎಂಬ ಹೊಳೆಯಿಂದ ಇಂಗಿಣೀಸಂಗಮದ ವರೆಗೆ. ಬಯಲುಸೀಮೆಯ ಶಾಸನವಾಗಿದ್ದರೆ ಎಲ್ಲೆಗೆ ಕಲ್ಲು, ಕೆರೆ, ಹೆದ್ದಾರಿಗಳು ಬರುತ್ತಿದ್ದವು. ಇಲ್ಲಿ ಹೊಳೆಯಿಂದ ಹೊಳೆಗೆ ಅಳೆದಿದ್ದಾರೆ. ರವಿವರ್ಮನ ಶಾಸನವು ಕಾರ್ತಿಕ ಪೌರ್ಣಮೆಯಲ್ಲಿ ಎಂಟು ದಿನಗಳ ಜಿನೋತ್ಸವವು ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಅನ್ನ ದೊರೆಯಬೇಕೆಂದೂ ವಿಧಿಸುವದು. ಚಾತುರ್ಮಾಸ್ಯದ ನಿಯಮವು ಎಲ್ಲ ದೇಶದ ಯತಿಗಳಿಗೂ ಇದ್ದದ್ದೇ. ಆದರೆ ಘಟ್ಟದ ಮಳೆಯಲ್ಲಿ ಕೂತವರಿಗೆ ಆ ನಾಲ್ಕು ತಿಂಗಳ ಅನ್ನದ ಬೆಲೆ ಬೇರೆ. ಅದೇ ರವಿವರ್ಮನು ವಿಷ್ಣುವರ್ಮನೇ ಮೊದಲಾದ ಅರಸರನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತು, ಪಲಾಶಿಕೆಯಲ್ಲಿ ನೆಲೆನಿಂತನೆಂದು ಇನ್ನೊಂದು ಶಾಸನವು ಸಾರುವದು.

ಬಾದಾಮಿಯವರ ಮತ್ತು ರಾಷ್ಟ್ರಕೂಟರ ಕಾಲವನ್ನು ದಾಟಿ ಗೋವೆಯ ಕದಂಬರಿಗೆ ಬರೋಣ. ಇವರು ಕರಾವಳಿಯ ಚಂದ್ರಪುರದಿಂದಲೂ ತರುವಾಯ ಗೋಪಕಪಟ್ಟಣದಿಂದಲೂ ಆಳಿ ಘಟ್ಟದ ಮೇಲಕ್ಕೂ ಕೈಚಾಚಿದರು. ಎರಡನೆಯ ಜಯಕೇಶಿಯು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಳದೇವಿಯನ್ನು ವರಿಸಿದನು. ಕೊಂಕಣ ಒಂಬೈನೂರು, ಪಲಸಿಗೆ ಹನ್ನೆರಡುಸಾವಿರಗಳು ಅವನ ಆಳಿಕೆಯಲ್ಲಿದ್ದವು. ನಮ್ಮ ಧಾರವಾಡದ ಮಗ್ಗುಲಿನ ನರೇಂದ್ರದ ಶಾಸನಗಳಲ್ಲಿ ಬರುವ ಕುಂದೂರು ಐನೂರು ಈ ಪಲಸಿಗೆಯ ಒಳನಾಡೇ. ಕಾರಣ ಇಲ್ಲಿಯ ವಾಚಕರು ಪಲಸಿಗೆಯನ್ನು ಪರಸೀಮೆಯೆಂದು ಭಾವಿಸುವ ಹಾಗಿಲ್ಲ. ಜಯಕೇಶಿಯ ಮಗನಾದ ಶಿವಚಿತ್ತ ಪೆರ್ಮಾಡಿಯ ಕಾಲದಲ್ಲಿ, ಕಲಿವರ್ಷ 4270ರಲ್ಲಿ, ಎಂದರೆ ಕ್ರಿ. ಶ. 1169ರ ಸುಮಾರಿಗೆ, ಹಲಸಿಯ ನರಸಿಂಹನಿಗೆ ದತ್ತಿ ಸಂದಿತು. ಇಂದಿಗೂ ಭೂವರಾಹ-ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಪೆರ್ಮಾಡಿಯ ರಾಣಿ ಕಮಲಾದೇವಿಯು ಕಿತ್ತೂರಿನ ಹತ್ತಿರದ ದೇಗಾಂವೆಯಲ್ಲಿ ಕಮಲನಾರಾಯಣನ ಗುಡಿಯನ್ನು ಕಟ್ಟಿಸಿದಳು. ಅಲ್ಲಿಯ ಶಾಸನವು ಕನ್ನಡ, ನಾಗರೀ ಎಂಬ ಎರಡೂ ಲಿಪಿಗಳಲ್ಲಿದೆ. ಎರಡು ಭಾಷೆಯವರು ಕೂಡಿ ಬಾಳುವ ಈ ಸೀಮೆಯಲ್ಲಿ ಆ ಶಾಸನವನ್ನು ನೋಡುವದು ಒಂದು ಸಮಾಧಾನ.

ಈಗ ಪ್ರಕೃತ ಪ್ರಶ್ನೆ. ಘಟ್ಟದ ಮೇಲೂ ಕೆಳಗೂ ಒಬ್ಬನೇ ಅರಸನಿದ್ದಾಗ ಹಲಸಿಯು ನಾಡಿನ ನಡುಮನೆಯಾಗಿತ್ತು. ಗೋವೆಯ ಕದಂಬರು ಕುಂದಿದ ಮೇಲೆ ಈ ಕೂಟವು ಸಡಿಲಿತು. 1472ರಲ್ಲಿ ಬೆಳಗಾವಿಯು ಬಹಮನಿ ಮಂತ್ರಿ ಮಹಮೂದ ಗವಾನನಿಗೆ ವಶವಾಗಿ, 1510ರಲ್ಲಿ ಗೋವೆಯು ಪೋರ್ತುಗೀಜರ ಪಾಲಾಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಘಟ್ಟದ ಬುಡದ ಸತ್ತರಿಯೂ ಅವರದೇ ಆಯಿತು. ಆಗ ಗುಡ್ಡದ ನೆತ್ತಿಯೇ ರಾಜ್ಯಗಳ ಗಡಿಯಾಯಿತು. ಡಿಸೆಂಬರ್ 1961ರ ವರೆಗೆ ಅದು ಹಾಗೆಯೇ ಉಳಿಯಿತು. ಗಡಿಯ ಕಾಡು ಕೋಟೆಗೂ ಅಡಗುವವರಿಗೂ ಒದಗುವದೇ ಹೊರತು ರಾಜಧಾನಿಗೆ ಒದಗುವದಿಲ್ಲ. ಭೀಮಗಡವು ಅಂಥ ಕೋಟೆ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನು ಈ ಕಾಡುಗಳನ್ನೇ ಆಶ್ರಯಿಸಿ ಕಾದಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಆಂಗ್ಲರ ಆಳಿಕೆಯಲ್ಲಿ ಮೊದಲು ಬೀಡಿ ತಾಲೂಕೆಂದಿದ್ದದ್ದು ಆಮೇಲೆ ಖಾನಾಪುರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ರೈಲುದಾರಿಯೂ ಲೋಂಡೆಯಿಂದ ಕಡಲಿಗೆ ಇಳಿಯಿತು, ಹಲಸಿಯನ್ನು ಮುಟ್ಟಲಿಲ್ಲ.

ನೀರಿನ ಎಲ್ಲೆ ಮಾತ್ರ ಇನ್ನೂ ವಾದದಲ್ಲಿದೆ. ಕಣಕುಂಬಿಯ ಕಳಸಾ ಹಳ್ಳವನ್ನು ಮಲಪ್ರಭೆಗೆ ತಿರುಗಿಸುವ ಬೇಡಿಕೆಗೆ ಹುಬ್ಬಳ್ಳಿ-ಧಾರವಾಡಗಳ ಕುಡಿಯುವ ನೀರೇ ಕಾರಣ. 2018ರಲ್ಲಿ ಮಹಾದಾಯಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ.ಯನ್ನು ವಿಧಿಸಿತು. ಭೀಮಗಡದ ಕಾಡು 2011ರಲ್ಲಿ ಅಭಯಾರಣ್ಯವಾಗಿದ್ದು, ಅದರೊಳಗಿನ ಹಳ್ಳಿಗಳನ್ನು ಹೊರಗೆ ನೆಲೆಗೊಳಿಸುವ ಮಾತು ನಡೆದಿದೆ. ಜನರು ಕದಲಿದರೆ ಅವರ ಬಾಯಲ್ಲಿರುವ ಹಳ್ಳ, ಮಡು, ಸಂಗಮಗಳ ಹೆಸರುಗಳೂ ಕದಲುವವು. ಮಾತೃಸರಿತ್ ಯಾವದು, ಇಂಗಿಣೀಸಂಗಮ ಎಲ್ಲಿಯದು ಎಂಬದಕ್ಕೆ ಆ ಹೆಸರುಗಳಲ್ಲದೆ ಬೇರೆ ಸಾಕ್ಷಿ ಸಿಗಲಾರದು. ಖಾನಾಪುರ, ನಂದಗಡ, ಬೀಡಿಗಳ ಶಾಲೆಗಳಲ್ಲಿ ಪಾಠಹೇಳುವ ಉಪಾಧ್ಯಾಯರು ತಂತಮ್ಮ ಊರ ಹಿರಿಯರಿಂದ, ಕನ್ನಡದಲ್ಲಿಯಾಗಲಿ ಮರಾಠಿಯಲ್ಲಿಯಾಗಲಿ, ಹೊಲ-ಹಳ್ಳಗಳ ಹೆಸರುಗಳನ್ನು ಕೇಳಿ ಉಚ್ಚಾರವಿದ್ದಂತೆಯೇ ಬರೆದುಕೊಂಡು, ಪತ್ರಿಕೆಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹಲಸಿಯ ಸುತ್ತಲಿನ ಹಳ್ಳಗಳಿಂದ ಮೊದಲುಮಾಡಿದರೆ ಒಳ್ಳೆಯದು.