ಕಾಗದದ ಮಕ್ಕಳು

ಇಂದಿನ ನನ್ನ ಮಾತು ಹೆಸರನ್ನು ಕುರಿತದ್ದು. ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಒಂದು ತಲೆಮಾರಿನ ಅಣ್ಣತಮ್ಮಂದಿರ ಹೆಸರುಗಳಲ್ಲಿ ಒಂದು ಅಕ್ಷರ ಸಮಾನವಾಗಿರುವುದೂ ಅನೇಕ ಮನೆತನಗಳ ವಾಡಿಕೆ. ಹೆಸರೆಂಬುದೇ ಅಲ್ಲಿ ಪುಟ್ಟದೊಂದು ವಂಶಾವಳಿ. ಅಂಥ ಹೆಸರನ್ನು ಮುಚ್ಚಿಟ್ಟು ಅಮೆರಿಕದಲ್ಲಿ ಕಾಲಿಟ್ಟವರು ಸಾವಿರಾರು ಮಂದಿ.

1882ರಲ್ಲಿ ಅಮೆರಿಕ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿತು. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರ ಕಂಪಿಸಿತು. ಬೆನ್ನಿಗೇ ಎದ್ದ ಬೆಂಕಿಯಲ್ಲಿ ಜನನದ ದಾಖಲೆಗಳು ಬೂದಿಯಾದವು. 'ನಾನು ಇಲ್ಲೇ ಹುಟ್ಟಿದವನು' ಎಂದವನನ್ನು ಅಲ್ಲಗಳೆಯಲು ಸರ್ಕಾರದ ಬಳಿ ಕಾಗದವಿರಲಿಲ್ಲ. ಹೀಗೆ ಪೌರನಾದವನ ಮಕ್ಕಳು ಚೀನದಲ್ಲಿ ಹುಟ್ಟಿದರೂ ಪೌರರೇ. ಊರಿಗೆ ಹೋಗಿ ಬಂದವನು ಗಂಡುಮಗು ಹುಟ್ಟಿತೆಂದು ಬರೆಸುವನು. ಹುಟ್ಟದ ಆ ಮಗನ ಸ್ಥಾನ ಇನ್ನೊಬ್ಬರ ಮಗನಿಗೆ ಮಾರಾಟವಾಗುವುದು. ಇವರೇ 'ಕಾಗದದ ಮಕ್ಕಳು'. ಸುಳ್ಳಾಡಿದರೆಂದು ಅವರನ್ನು ಜರಿಯಲು ನನಗೆ ಮನಸ್ಸು ಬಾರದು.

ಇವರನ್ನು ಸೋಸಲೆಂದು 1910ರಿಂದ 1940ರವರೆಗೆ ಏಂಜಲ್ ದ್ವೀಪದಲ್ಲೊಂದು ಠಾಣೆಯಿತ್ತು. ನಿಮ್ಮ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಬಾವಿ ಎಲ್ಲಿದೆ? ನಿಮ್ಮ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ಉತ್ತರಗಳನ್ನು ತಂದೆಯೆನಿಸಿಕೊಂಡವನ ಉತ್ತರಗಳೊಡನೆ ತಾಳೆ ನೋಡುತ್ತಿದ್ದರು. ನಾನೂ ಬಹುಕಾಲ ಪರೀಕ್ಷಕನಾಗಿದ್ದವನು. ಇಷ್ಟು ನಿರ್ದಯವಾದ ಪ್ರಶ್ನಪತ್ರಿಕೆಯನ್ನು ಕಂಡಿಲ್ಲ. ಹೆತ್ತ ಮಗನೇ ಆದರೂ ತಪ್ಪಿದರೆ ಬಂದ ಹಡಗಿನಲ್ಲೇ ಹಿಂದಿರುಗುವ ಭಯ. ಆದ್ದರಿಂದ ಉತ್ತರಗಳ ಪುಸ್ತಕವನ್ನು ಪ್ರಯಾಣದುದ್ದಕ್ಕೂ ಬಾಯಿಪಾಠ ಮಾಡಿ, ದಡ ಸಮೀಪಿಸಿದಾಗ ಸಮುದ್ರಕ್ಕೆಸೆಯುತ್ತಿದ್ದರು.

ನಿಷೇಧ 1943ರಲ್ಲಿ ರದ್ದಾಯಿತು. ಕೊಂಡ ಹೆಸರು ಉಳಿಯಿತು. 1956ರಲ್ಲಿ ಸರ್ಕಾರ ತಪ್ಪೊಪ್ಪಿಗೆಯ ಯೋಜನೆಯೊಂದನ್ನು ತಂದಿತು. ಒಬ್ಬನು ಒಪ್ಪಿಕೊಂಡರೆ ಬಂಧುಗಳ ಗುಟ್ಟೂ ಹೊರಬೀಳುವಂತಿದ್ದುದರಿಂದ ಬಹಳ ಮಂದಿ ಬಾಯಿ ಬಿಡಲಿಲ್ಲ. ಶಾಲೆಯಲ್ಲೊಂದು ಹೆಸರು, ಮನೆಯ ಪಿಸುಮಾತಿನಲ್ಲಿ ಮತ್ತೊಂದು. ಎಷ್ಟೋ ಕಡೆ ಎರಡೂ ಕೂಡಿದ್ದು ಗೋರಿಕಲ್ಲಿನ ಮೇಲೆ: ಇಂಗ್ಲಿಷಿನಲ್ಲಿ ಕಾಗದದ ಹೆಸರು, ಚೀನೀ ಲಿಪಿಯಲ್ಲಿ ವಂಶದ ಹೆಸರು, ಹುಟ್ಟೂರು. ಆ ಲಿಪಿಯನ್ನೋದಲಾರದ ಮೊಮ್ಮಕ್ಕಳು ಹಿರಿಯರೊಬ್ಬರಿಂದ ಅದನ್ನೋದಿಸಿಕೊಂಡು, ಗ್ವಾಂಗ್‌ಡಾಂಗ್ ಪ್ರಾಂತದ ಹಳ್ಳಿಯ ವಂಶಗ್ರಂಥವನ್ನು ಅರಸಿ ಹೊರಡುತ್ತಾರೆ.

ವಿಚಿತ್ರವೆಂದರೆ, ಅನುಮಾನಿಸಿದ ಸರ್ಕಾರವೇ ಈ ಕುಟುಂಬಗಳ ನೆನಪನ್ನು ಕಾಪಿಟ್ಟಿದೆ. ಅಂದಿನ ವಿಚಾರಣೆಯ ಕಡತಗಳು ಸ್ಯಾನ್ ಬ್ರೂನೋದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅಲ್ಲಿ ಅಜ್ಜನ ಎಳೆಯ ಮುಖದ ಭಾವಚಿತ್ರ ದೊರೆಯುತ್ತದೆ, ಅವನಾಡಿದ ಮಾತೂ ದೊರೆಯುತ್ತದೆ. ಬಾವಿ ಊರ ಮುಂದಿತ್ತು ಎಂದಿದ್ದಾನೆ ಎನ್ನೋಣ. ಅವನು ನೀರು ಕುಡಿದ ಬಾವಿಯೋ, ಹಡಗಿನಲ್ಲಿ ಬಾಯಿಪಾಠ ಮಾಡಿದ ಬಾವಿಯೋ, ಕಡತ ಹೇಳುವುದಿಲ್ಲ.