ಕೊನೆಯಲ್ಲಿ ಉಲ್ಲೇಖ ಇದ್ದರೆ ಆ ಮಾತು ನಿಜವೇ?

ಆರೋಗ್ಯದ ಫಾರ್ವರ್ಡ್‌ಗಳ ಕೊನೆಗೆ ಕೆಲವೊಮ್ಮೆ ಇಂಥದೊಂದು ಸಾಲು ಇರುತ್ತದೆ: ‘ಎನ್ ಇಂಗ್ಲ್ ಜೆ ಮೆಡ್. 1980;302(2):123.’ ನೋಡಿದ ಕೂಡಲೇ ನಂಬಿಕೆ ಬರುತ್ತದೆ. ಆದರೆ ಇದು ವಿಳಾಸ ಮಾತ್ರ, ಪುರಾವೆಯಲ್ಲ.

ಬನ್ನಿ, ಇದನ್ನೇ ಓದೋಣ. ವೈದ್ಯಕೀಯ ಜರ್ನಲ್‌ಗಳಲ್ಲಿ ಹೆಚ್ಚಾಗಿ ಕಾಣುವ ವ್ಯಾಂಕೂವರ್ ಶೈಲಿ ಇದು. ಲೇಖಕರ ಹೆಸರು, ಶೀರ್ಷಿಕೆ ಮೊದಲು ಬರಬೇಕು (ಫಾರ್ವರ್ಡ್‌ಗಳಲ್ಲಿ ಹಾರಿಹೋಗುವುದು ಇವೇ). ಆಮೇಲೆ ಜರ್ನಲ್‌ನ ಚುಟುಕು ಹೆಸರು, ಇಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್. ನಂತರ ವರ್ಷ, ಸಂಪುಟ, ಆವರಣದೊಳಗೆ ಸಂಚಿಕೆ, ಕೊನೆಗೆ ಪುಟ. ಎಪಿಎ ಶೈಲಿಯಲ್ಲಾದರೆ ವರ್ಷ ಲೇಖಕರ ಪಕ್ಕದಲ್ಲೇ ಇರುತ್ತದೆ.

ಈಗ ಪುಟ ನೋಡಿ. ಒಂದೇ ಪುಟ! ಅನುಮಾನ ಬರಬೇಕಾದದ್ದು ಇಲ್ಲೇ. ಅದು ಸಂಶೋಧನಾ ಪ್ರಬಂಧವಲ್ಲ, ಸಂಪಾದಕರಿಗೆ ಬರೆದ ಐದು ವಾಕ್ಯಗಳ ಪತ್ರ. ಆಸ್ಪತ್ರೆಯಲ್ಲಿ ಅಫೀಮು ವರ್ಗದ ನೋವಿನ ಔಷಧಿ ಪಡೆದ 11,882 ರೋಗಿಗಳಲ್ಲಿ 4 ಜನರಿಗಷ್ಟೇ ಚಟ ಹತ್ತಿತೆಂದು ಅದರಲ್ಲಿತ್ತು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಒಂದಕ್ಷರವೂ ಇಲ್ಲ.

ಆದರೂ ಅದನ್ನು 608 ಬಾರಿ ಉಲ್ಲೇಖಿಸಲಾಗಿದೆ ಎಂದು 2017ರಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಹಾಕಿದರು. ಅವುಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಬರಹಗಳು ‘ಆಸ್ಪತ್ರೆಯಲ್ಲಿದ್ದವರು’ ಎಂಬುದನ್ನೇ ಹೇಳಿರಲಿಲ್ಲ. ಉತ್ತರ ಅಮೆರಿಕದಲ್ಲಿ ಈ ಮಾತ್ರೆಗಳ ಚಟ ಹಬ್ಬಲು ಇದೂ ಕಾರಣವಾಯಿತು ಎಂಬುದು ಆ ಸಂಶೋಧಕರ ಅಭಿಪ್ರಾಯ. ಚುಕ್ಕಿ, ಅಲ್ಪವಿರಾಮ ಸರಿಯಿದ್ದರೆ ಸಾಲದು.

ನಿಮಗೆ ಬಂದ ಉಲ್ಲೇಖದಲ್ಲಿ 10ರಿಂದ ಶುರುವಾಗುವ ಡಿಒಐ ಸಂಖ್ಯೆ ಇದ್ದರೆ ಅದನ್ನು ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ. ಏನೂ ತೆರೆಯದಿದ್ದರೆ, ಅಥವಾ ಬೇರೆಯದೇ ಲೇಖನ ತೆರೆದರೆ, ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.